ಕಡ್ಡಿ ಗೀರಬಾರದ ಕೋಣೆ

ಮದುವೆ ಮನೆಯಲ್ಲಿ ನಗುವಂಥ ಸಂಗತಿಗಳು ನಡೆಯುತ್ತವೆ ಅನ್ನುತ್ತಾರೆ. ಬೆಂಕಿ ಹತ್ತಬಹುದಾದ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು ನಡೆಯುತ್ತವೆ. ಅಂಥ ಕೋಣೆಯ ಕೀಲಿಕೈ ಹನ್ನೊಂದು ವರ್ಷ ನನ್ನ ಸೊಂಟದಲ್ಲಿತ್ತು, ಆದ್ದರಿಂದ ಹೇಳುವ ಹಕ್ಕು ನನಗಿದೆ.

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ರೋಣದ ಕಡೆ ಒಂದು ಸಣ್ಣ ಪಾಲಿಟೆಕ್ನಿಕ್‌ನಲ್ಲಿ ನಾನು ಲ್ಯಾಬ್ ಶಿಕ್ಷಕಿ. ನಮ್ಮದು ರೆಸಿನ್ ಲ್ಯಾಬು. ರೆಸಿನ್ ಅಂದರೆ ಜೇನುತುಪ್ಪದಷ್ಟು ದಪ್ಪಗಿರುವ, ಮೂಗಿಗೆ ಹೊಡೆಯುವ ವಾಸನೆಯ ದ್ರವ. ಅದಕ್ಕೆ ಕೋಬಾಲ್ಟ್ ಎಂಬ ನೇರಳೆ ಬಣ್ಣದ್ದು ನಾಲ್ಕು ಹನಿ ಹಾಕಿ ಕಲಸಬೇಕು, ಆಮೇಲೆ ಹಾರ್ಡನರ್ ಎಂಬ ನೀರಿನಂಥದ್ದು ನಾಲ್ಕು ಹನಿ. ಅರ್ಧ ತಾಸಿನಲ್ಲಿ ಕಲ್ಲಾಗುತ್ತದೆ. ಟ್ಯಾಂಕು, ಬಾಗಿಲು, ಕುರ್ಚಿ ಎಲ್ಲ ಹೀಗೇ ಆಗುವುದು. ಆದರೆ ರೆಸಿನ್ ಬೆಂಕಿ ಕಂಡರೆ ಬಿಡುವುದಿಲ್ಲ. ಕುಂಚ ತೊಳೆಯುವ ಅಸಿಟೋನ್ ಅದಕ್ಕಿಂತ ಮುಂದೆ.

ಪ್ರಾಚಾರ್ಯರಿಗೆ ಈ ಲ್ಯಾಬು ಮೊದಲಿನಿಂದಲೂ ಕಣ್ಣಿಗೆ ಬಿದ್ದ ಕಸ. ಆ ಕೋಣೆಯನ್ನು ಸ್ಟಾಫ್ ರೂಮು ಮಾಡುವ ಆಸೆ ಅವರಿಗೆ. ನನ್ನನ್ನು ಕರೆದು ಹೇಳಿದರು: "ನೋಡ್ರಿ ಅಕ್ಕಾರ, ವರ್ಷದ ಕಡೀಕ ಮಾನ್ಯತೆ ಕೊಡೂ ಕಮಿಟಿ ಬರತೈತಿ. ಅಲ್ಲೀತನಕ ಒಂದ ಕಿಡಿ ಹಾರಿದ್ರೂ ಲ್ಯಾಬ್ ಬಂದ್. ಕಮಿಟಿ ಒಲ್ಲೆ ಅಂದ್ರೂ ಬಂದ್."

ಮೂರು ವರ್ಷ ಅರ್ಜಿ ಬರೆದು ಬರೆದು ತಂದ ಲ್ಯಾಬು ಅದು. ಬಿಟ್ಟುಕೊಡುವ ಜಾಯಮಾನ ನನ್ನದಲ್ಲ.

ಮಜ್ಜಿಗೆ

ಹಾರ್ಡನರ್ ತಂಪಾಗಿರಬೇಕು. ಅದಕ್ಕೆಂದೇ ಲ್ಯಾಬಿಗೆ ಒಂದು ಫ್ರಿಜ್ ಬಂತು. ರೋಣದ ಬೇಸಿಗೆ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಮಾರನೆಯ ದಿನವೇ ನಮ್ಮ ಹೆಡ್ ಕ್ಲಾರ್ಕರ ಮಜ್ಜಿಗೆ ಬಾಟಲಿ ಹಾರ್ಡನರ್ ಪಕ್ಕದಲ್ಲಿ ಕುಳಿತಿತ್ತು.

"ಸರ್, ಇದು ವಿಷದ ಫ್ರಿಜ್ ಐತ್ರಿ. ತಿನ್ನೂದು ಕುಡಿಯೂದು ಇಡಬ್ಯಾಡ್ರಿ," ಅಂದೆ.

"ಮುಚ್ಚಳಾ ಗಟ್ಟಿ ಹಾಕೇನ್ರೀ ಅಕ್ಕಾರ," ಅಂದರು.

ಬಾಟಲಿಯ ಮೇಲೆ ತಲೆಬುರುಡೆ, ಎರಡು ಎಲುಬು ಬರೆದ ಚೀಟಿ ಅಂಟಿಸಿದೆ. ಮಧ್ಯಾಹ್ನ ಅರ್ಧ ಬಾಟಲಿ ಕುಡಿದು, "ಚಿತ್ರಾ ಭಾಳ ಚಲೋ ತಗದೀರಿ" ಎಂದು ಹೊಗಳಿ ಉಳಿದದ್ದನ್ನು ಮತ್ತೆ ಅಲ್ಲೇ ಇಟ್ಟುಹೋದರು.

ಬಾಯಿಮಾತು ಮುಗಿದಿತ್ತು. ಸಂಜೆ ಅಂಥದ್ದೇ ಇನ್ನೊಂದು ಬಾಟಲಿ ಹುಡುಕಿ, ಅದರಲ್ಲಿ ಬಿಳಿ ಬಣ್ಣ ಕಲಸಿದ ರೆಸಿನ್ನನ್ನು ಅರ್ಧಕ್ಕೆ ಹೊಯ್ದು, ಹಾರ್ಡನರ್ ಹಾಕಿ ಗಟ್ಟಿ ಮಾಡಿದೆ. ತೊಳೆದು ಒರೆಸಿ, ಅದೇ ಚೀಟಿ ಅಂಟಿಸಿ ಅದೇ ಜಾಗದಲ್ಲಿಟ್ಟೆ. ಅವರ ಬಾಟಲಿ ತೆಗೆದು ಬಚ್ಚಿಟ್ಟೆ.

ಮರುದಿನ ಊಟದ ಹೊತ್ತಿಗೆ ಬಂದು ಲೋಟಕ್ಕೆ ಬಗ್ಗಿಸಿದರು. ಒಂದು ಹನಿ ಬೀಳಲಿಲ್ಲ. ಬಡಿದರು. ತಲೆಕೆಳಗೆ ಮಾಡಿ ಜಾಡಿಸಿದರು. ಕಡೆಗೆ ಪೆನ್ನು ಹಾಕಿ ಚುಚ್ಚಿ ನೋಡಿ ಬೆಚ್ಚಿದರು.

"ಅಕ್ಕಾರ... ಇದು ಕಲ್ಲಾಗೇತಲ್ರೀ!"

"ಪಕ್ಕದಾಗ ಹಾರ್ಡನರ್ ಇತ್ತಲ್ರಿ ಸರ್," ಎಂದೆ, ಪುಸ್ತಕದಿಂದ ಕಣ್ಣು ತೆಗೆಯದೆ.

"ನಿನ್ನಿ ಇದರಾಗಿಂದು ಅರ್ಧಾ ಕುಡದೇನಿ ನಾನು!"

ಸತ್ಯ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಓಡಿದ್ದರು. ಸಂಜೆ ನಾನು ಹಿಡಿದು ನಿಲ್ಲಿಸಿ ಹೇಳುವವರೆಗೆ ಮೈದಾನದಲ್ಲಿ ನೀರು ಕುಡಿಯುತ್ತಾ ಸುತ್ತು ಹಾಕುತ್ತಲೇ ಇದ್ದರು. ಕೂತರೆ ಹೊಟ್ಟೆಯಲ್ಲಿ ಗಟ್ಟಿಯಾಗಿಬಿಡುತ್ತದಂತೆ.

ಅಣ್ಣ ತಮ್ಮ

ನಮ್ಮ ಸಾಮಾನು ಬರುತ್ತಿದ್ದದ್ದು ನರಗುಂದದ ಪೇಟೆಯಿಂದ. ಅಲ್ಲಿ ಬಣ್ಣದ ಅಂಗಡಿಯ ಚಾಚಾ ಒಬ್ಬರು, ಪ್ರಾಮಾಣಿಕ ಮನುಷ್ಯ. ಮೊದಲ ಸಲ ಹೋದಾಗ ನೋಡುತ್ತೇನೆ, ಕೋಬಾಲ್ಟ್ ಮತ್ತು ಹಾರ್ಡನರ್ ಒಂದೇ ಹಲಗೆಯ ಮೇಲೆ ಮೈಗೆ ಮೈ ತಾಗಿಸಿ ಕೂತಿವೆ.

"ಚಾಚಾ, ಇವು ರೆಸಿನ್ದಾಗ ಒಂದರ ಹಿಂದ ಒಂದು ಕೂಡಬೇಕು. ನೇರ ಕೂಡಿದ್ರ ಕಡ್ಡಿ ಗೀರೂದ ಬ್ಯಾಡ, ತಾನ ಉರಕೊಂಡು ಏಳತೈತಿ. ದೂರ ದೂರ ಇಡ್ರಿ."

ಚಾಚಾ ಗಡ್ಡ ಸವರಿಕೊಂಡರು. "ಅಂದ್ರ ನಾನು, ನನ್ನ ತಮ್ಮ ಇದ್ದಂಗ ಅನ್ನು ಬೇಟಿ."

ತಮ್ಮನ ಅಂಗಡಿ ಎದುರಿಗೇ ಇತ್ತು. ನಡುವೆ ಒಂದು ರಸ್ತೆ, ನಾಲ್ಕು ವರ್ಷದ ಮೌನ. ಒಂದು ಗೋಡೆಯ ವಿಷಯಕ್ಕೆ ಮಾತು ಬಿಟ್ಟಿದ್ದರು. ಮುಂದಿನ ಸಲ ಹೋದಾಗ ಹಾರ್ಡನರ್ ಎಲ್ಲ ತಮ್ಮನ ಅಂಗಡಿಗೆ ದಾಟಿತ್ತು.

"ಮಾತ ಇಲ್ಲಲ್ರೀ, ಹ್ಯಾಂಗ ಕೊಟ್ರಿ?"

"ಹಮಾಲನ ಕೈಯಾಗ ಕಳಿಸಿದೆ. ಅವನೂ ಹಮಾಲನ ಕೈಯಾಗ ರೊಕ್ಕ ಕಳಿಸಿದ. ಮಾತು ಯಾಕ ಬೇಕು?"

ಇದಕ್ಕಿಂತ ಭದ್ರವಾದ ಉಗ್ರಾಣ ಯಾವ ಕಂಪನಿಯಲ್ಲೂ ಇರಲಾರದು. ಆ ಎರಡು ಬಾಟಲಿ ಒಂದಾಗುವ ಸಾಧ್ಯತೆಯೇ ಇರಲಿಲ್ಲ. ಊರಿನ ಹಿರಿಯರು ಅಣ್ಣ ತಮ್ಮ ಒಂದಾಗಲಿ ಎಂದು ಬೇಡಿಕೊಳ್ಳುತ್ತಿದ್ದರು. ನಾನೊಬ್ಬಳೇ, ದೇವರು ಕ್ಷಮಿಸಲಿ, ಇನ್ನೊಂದಿಷ್ಟು ದಿನ ಹೀಗೇ ಇರಲಿ ಅಂದುಕೊಳ್ಳುತ್ತಿದ್ದೆ.

ರಮಜಾನ್ ಹಬ್ಬದ ಮಾರನೆಯ ದಿನ ಹೋದೆ. ಇಬ್ಬರೂ ಒಂದೇ ಅಂಗಡಿಯಲ್ಲಿ ಕೂತು ಹಬ್ಬದ ಶಾವಿಗೆ ಪಾಯಸ ಸುರ್‌ಕುಂಬಾ ಕುಡಿಯುತ್ತಿದ್ದಾರೆ! ಜನ ಬಂದು ಮುಬಾರಕ್ ಹೇಳುತ್ತಿದ್ದಾರೆ. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಅಯ್ಯ, ಬಾಟ್ಲಿ ಎಲ್ಲದಾವ್ರಿ?"

ಅವೂ ಒಂದಾಗಿದ್ದವು. ಅದೇ ಹಲಗೆ, ಮೈಗೆ ಮೈ.

"ನೀವು ಕೂಡಿದ್ದು ಭಾಳ ಚಲೋ ಆತು. ಆದ್ರ ಅವನ್ನ ಇವತ್ತ ಬ್ಯಾರೆ ಮಾಡ್ರಿ," ಎಂದು ಕೈಮುಗಿದೆ.

ಯಾವುದು ಯಾರ ಅಂಗಡಿಗೆ ಎಂಬ ಮಾತು ಬಂತು. ಹಾರ್ಡನರ್ ಬೇಗ ಖರ್ಚಾಗುತ್ತದೆ, ಅದು ನನಗಿರಲಿ ಅಂದರು ಅಣ್ಣ. ಇಷ್ಟು ದಿನ ಮಾರಿದವ ನಾನು ಅಂದ ತಮ್ಮ. ನಾನು ಬಸ್ ಹತ್ತುವಷ್ಟರಲ್ಲಿ ಮತ್ತೆ ಮಾತು ಬಿಟ್ಟಿದ್ದರು, ಬಾಟಲಿಗಳು ಮಾತ್ರ ರಸ್ತೆಯ ಆಚೆ ಈಚೆ ಕ್ಷೇಮವಾಗಿದ್ದವು.

ಖಂಡೇ ಪೂಜೆ

ನಮ್ಮ ಲ್ಯಾಬಿನ ಸಿಪಾಯಿ ಯಾವಗಲ್ ಊರಿನವರು, ನಾನು ಕಾಕಾ ಅನ್ನುತ್ತಿದ್ದೆ. ಕಾಕಾನ ಕೆಲಸದಲ್ಲಿ ಒಂದು ಕುಂದು ಹುಡುಕಲಾಗದು, ಭಕ್ತಿಯಲ್ಲಂತೂ ಆಗಲೇ ಆಗದು. ದಸರೆಯಲ್ಲಿ ಆಯುಧ ಪೂಜಿಸುವ ಖಂಡೇನವಮಿಯ ದಿನ ನಾನು ಬರುವಷ್ಟರಲ್ಲಿ ರೆಸಿನ್ ಡಬ್ಬಿಗಳಿಗೆಲ್ಲ ವಿಭೂತಿ ಬಳಿದು, ಹೂ ಏರಿಸಿ, ಅಸಿಟೋನ್ ಕಪಾಟಿನ ಮುಂದೆ ತಟ್ಟೆ ತುಂಬ ಕರ್ಪೂರ ಇಟ್ಟುಕೊಂಡು ಕಡ್ಡಿ ಹುಡುಕುತ್ತಿದ್ದರು. ಮೆಟ್ಟಿಲಿಂದ ಓಡಿಬಂದು ತಟ್ಟೆ ಕಸಿದುಕೊಂಡೆ.

"ಪೂಜಿ ಬ್ಯಾಡ ಅಂದ್ರ ಹ್ಯಾಂಗ್ರೀ ಅಕ್ಕಾರ? ವರ್ಷಾಪೂರ್ತಿ ಅನ್ನ ಕೊಟ್ಟಾವು," ಎಂದು ಕಾಕಾ ಕಣ್ಣಲ್ಲಿ ನೀರು ತಂದರು.

ಬೇಡ ಎಂದರೆ ನನ್ನ ಕಣ್ಣು ತಪ್ಪಿಸಿ ಮಾಡುತ್ತಾರೆ. ಅದು ಇನ್ನೂ ಅಪಾಯ.

"ಕಾಕಾ, ನಿಮ್ಮೂರ ಗುಡಿಯಾಗ ಪಲ್ಲಕ್ಕಿಗೆ ಒಳಗಿನ ಮೂರ್ತಿ ಕಿತ್ತು ತರ್ತಾರೇನು?"

"ಛೇ, ಅದು ಅಲ್ಲೇ ಇರತೈತ್ರಿ. ಹೊರಗ ಬರೂದು ಉತ್ಸವಮೂರ್ತಿ."

"ಹಂಗಾರ ನಾವೂ ಹಂಗ ಮಾಡೂಣು."

ಕಾಕಾನ ಮುಖ ಅರಳಿತು. ಒಂದು ಖಾಲಿ ಡಬ್ಬಿ ತೆಗೆದುಕೊಂಡೆವು. ಖಾಲಿ ಡಬ್ಬಿಯನ್ನು ನಂಬಬಾರದು, ಒಳಗೆ ಆವಿ ಉಳಿದಿರುತ್ತದೆ. ಹಾಗಾಗಿ ಬಾಯಿಯವರೆಗೆ ನೀರು ತುಂಬಿಸಿದೆ. ಡಬ್ಬಿ ಕಾಕಾನ ತಲೆಯ ಮೇಲೆ, ಹಿಂದೆ ನಾವೆಲ್ಲ. ಮೈದಾನದ ಆಚೆ ತುದಿಯ ಬೇವಿನ ಮರದ ಕೆಳಗೆ ಕರ್ಪೂರ ಬೆಳಗಿ, ಕಾಯಿ ಒಡೆದು ಪೂಜೆ ಸಾಂಗವಾಗಿ ಆಯಿತು. ಲ್ಯಾಬಿನಲ್ಲಿ ಒಂದು ಕಿಡಿಯಿಲ್ಲ, ಕಾಕಾನಿಗೆ ಒಂದು ಕೊರತೆಯಿಲ್ಲ. ಗೆದ್ದೆ ಎಂದು ಸೆರಗಿನಿಂದ ಬೆವರು ಒರೆಸಿಕೊಂಡು ತಿರುಗಿದರೆ, ಕಾಕಾ ಡಬ್ಬಿಯ ನೀರಿಗೆ ಉದ್ಧರಣೆ ಅದ್ದಿ, ಸಾಲಾಗಿ ಕೈಯೊಡ್ಡಿ ನಿಂತವರಿಗೆ ತೀರ್ಥ ಕೊಡಲು ಶುರು ಮಾಡುತ್ತಿದ್ದಾರೆ.

ಆ ದಿನ ನಾನು ಎರಡನೇ ಸಲ ಓಡಿದ್ದು ಆಗ.

ಕಮಿಟಿ

ಕಡೆಗೆ ಕಮಿಟಿ ಬರುವ ದಿನ ಬಂತು. ಕಾಕಾನನ್ನು ಬಾಗಿಲಲ್ಲಿ ಒಂದು ಕಟ್ಟಿಗೆಯ ಟ್ರೇ ಕೊಟ್ಟು ನಿಲ್ಲಿಸಿದೆ. "ಕಡ್ಡಿಪೆಟ್ಟಿಗಿ, ಲೈಟರ್, ಮೊಬೈಲ್ ಎಲ್ಲಾ ಇದರಾಗ. ಯಾರ ಬರಲಿ, ಬಿಡಬ್ಯಾಡ್ರಿ." ಒಳಗೆ ವಿದ್ಯಾರ್ಥಿಗಳ ಪ್ರಾತ್ಯಕ್ಷಿಕೆ ನಡೆದಿತ್ತು. ಕುಂಚ ತೊಳೆಯುವ ಹೊತ್ತು, ಅಸಿಟೋನ್ ತೆರೆದಿತ್ತು.

ಮೂವರು ಬಂದರು. ಅಧ್ಯಕ್ಷರು ದೊಡ್ಡ ಮೀಸೆಯ, ಮಾತು ಕಡಿಮೆಯ ಮನುಷ್ಯ. ಪ್ರಾಚಾರ್ಯರು ಅವರ ಹಿಂದೆ ಅರ್ಧ ಬಗ್ಗಿಕೊಂಡೇ ನಡೆಯುತ್ತಿದ್ದರು. ಬಾಗಿಲಲ್ಲಿ ಕಾಕಾ ಟ್ರೇ ಅಡ್ಡ ಹಿಡಿದರು.

"ಕಿಸೇದಾಗಿಂದು ಇದರಾಗ ಹಾಕ್ರಿ ಸಾಹೇಬ್ರ."

ಅಧ್ಯಕ್ಷರ ಮೀಸೆ ಕುಣಿಯಿತು. "ನಾನು ಯಾರಂತ ಗೊತ್ತೈತೇನು ನಿನಗ?"

"ನನಗ ಗೊತ್ತೈತ್ರಿ ಸಾಹೇಬ್ರ," ಅಂದರು ಕಾಕಾ, ಬಹಳ ವಿನಯದಿಂದ. "ಬೆಂಕಿಗೆ ಗೊತ್ತಿಲ್ರಿ."

ಮುಗಿಯಿತು ಲ್ಯಾಬು, ನಾಳೆ ಇಲ್ಲಿ ಸ್ಟಾಫ್ ರೂಮು, ಅಂದುಕೊಂಡೆ. ಪ್ರಾಚಾರ್ಯರು ಮುಂದೆ ನುಗ್ಗಿ, "ಏ, ಸರೀ ಆಕಡೆ! ಸಾಹೇಬ್ರನ್ನ ಬಿಡು! ಈ ಅಕ್ಕಾರ ಹಿಂಗ ಹುಚ್ಚ ಹಿಡಿಸ್ಯಾರ್ರಿ ಸರ್," ಎಂದು ಕೂಗಾಡಿದರು. ಕಾಕಾ ಅಲುಗಲಿಲ್ಲ.

ಅಧ್ಯಕ್ಷರು ಒಂದು ಗಳಿಗೆ ಒಳಗೆ ತೆರೆದಿದ್ದ ಅಸಿಟೋನ್ ನೋಡಿದರು, ಒಂದು ಗಳಿಗೆ ಕಾಕಾನನ್ನು. ಆಮೇಲೆ ಕಿಸೆಯಿಂದ ಸಿಗರೇಟು, ಲೈಟರು, ಮೊಬೈಲು ತೆಗೆದು ಟ್ರೇಯಲ್ಲಿಟ್ಟರು. ಉಳಿದಿಬ್ಬರೂ ತೆಗೆದಿಟ್ಟರು. ಕಾಕಾ ಟ್ರೇಯನ್ನು ಪ್ರಾಚಾರ್ಯರ ಕಡೆ ತಿರುಗಿಸಿದರು.

"ನಂದೇನೈತೋ? ಜನ್ಮದಾಗ ಸೇದಿದಾಂವ ಅಲ್ಲ ನಾನು!" ಅಂದರು ಪ್ರಾಚಾರ್ಯರು.

"ಖರೇರಿ ಸರ್. ಆದ್ರೂ ಎಡಗಡೆ ಕಿಸೆ ಒಂಚೂರು ನೋಡ್ಕೊಳ್ರಿ."

ಎಲ್ಲರ ಕಣ್ಣೂ ಎಡಗಡೆ ಕಿಸೆಯ ಮೇಲೆ. ಪ್ರಾಚಾರ್ಯರು ಮೆಲ್ಲಗೆ ಕೈ ಹಾಕಿದರು. ಒಂದು ಕಡ್ಡಿಪೆಟ್ಟಿಗೆ ಬಂತು. ಅದರ ಹಿಂದೆ ಅರ್ಧ ಕಟ್ಟು ಬೀಡಿ ಬಂತು. ಅವರ ಮನೆಯವರಿಗೂ ಗೊತ್ತಿಲ್ಲದ ಬೀಡಿ.

ನಗಬಾರದೆಂದು ನಾನು ಗೋಡೆಯ ಕಡೆ ತಿರುಗಿ ನಿಂತೆ. ಅಧ್ಯಕ್ಷರು ಮಾತ್ರ ಮುಖದ ಒಂದು ಗೆರೆಯೂ ಬದಲಾಗದಂತೆ ಒಳಗೆ ಬಂದು, ಎಲ್ಲ ನೋಡಿ, ಮೇಜಿನ ಮುಂದೆ ಕೂತು ವರದಿ ಬರೆದರು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದರು:

"ಲ್ಯಾಬಿಗೆ ಐದು ವರ್ಷದ ಮಾನ್ಯತೆ ಕೊಡಲಾಗಿದೆ. ರಾಸಾಯನಿಕಗಳ ಸುರಕ್ಷತೆ ಅತ್ಯುತ್ತಮ. ಕಟ್ಟಡದಲ್ಲಿ ಬೆಂಕಿಯ ಅಪಾಯವಿರುವ ಜಾಗ ಒಂದೇ, ಅದು ಪ್ರಾಚಾರ್ಯರ ಎಡಗಡೆಯ ಕಿಸೆ."