ಒಪ್ಪಿಗೆಯ ಬಟ್ಟೆಯನ್ನು ಲಗತ್ತಿಸಿರುವ ಬಗ್ಗೆ

ಇಂದ:
ವಾಲ್ಟರ್ ಬುಲೆ, ಗಾರೆ ಕೆಲಸ,
ಮೂಲ ಪೆಂಟೆಕೋಸ್ಟ್ ದ್ವೀಪ, ಹಾಲಿ ವಾಸ ಹೊರದೇಶದ ನೂಮೆಯಾ ಪಟ್ಟಣ,
ಕಾರ್ಯದರ್ಶಿ, ಇನ್ನೂ ಸ್ಥಾಪನೆಯಾಗದ ಆಂಗ್ಲಿಕನ್ ಸಭೆ

ಗೆ:
ಮಾನ್ಯ ಬಿಷಪ್ಪರು, ಹೊರದೇಶದ ಸಭೆಗಳ ಕಚೇರಿ

ವಿಷಯ: ತಾವು ಖುದ್ದಾಗಿ ಬಂದು ಒಂದು ಗೌನನ್ನು ವಾಪಸು ಕೊಡುವ ಬಗ್ಗೆ.

ಉಲ್ಲೇಖ: ೧. ಹೊರದೇಶದಲ್ಲಿ ಸಭೆ ಸ್ಥಾಪಿಸುವ ನಿಯಮದ ‘ನೆಲದವರ ಒಪ್ಪಿಗೆ’ ಎಂಬ ಕಲಮು. ೨. ‘ಪುರಾವೆ ಲಗತ್ತಿಸಿ’ ಎಂಬ ತಮ್ಮ ಕಚೇರಿಯ ಒಂದೇ ಸಾಲಿನ ಪತ್ರ. ೩. ನನ್ನನ್ನು ಮದುವೆಯಾಗಬೇಕಾದ ಹಿಲ್ಡಾ ಗಾರಾಯ್ ಅವರ ಬಾಯಿಮಾತಿನ ನೋಟಿಸು.

ಮಾನ್ಯರೇ,

೧. ಹೊಟ್ಟೆಪಾಡಿಗೆ ಈ ಊರಿಗೆ ಬಂದ ನಾವು ಪ್ರತಿ ಭಾನುವಾರ ಒಂದು ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆಗೆ ಸೇರುತ್ತಾ ಬಂದಿದ್ದೇವೆ. ತಮ್ಮ ಮಾನ್ಯತೆ ಇಲ್ಲದ ಕಾರಣ ನಮಗೆ ಪಾದ್ರಿ ಇಲ್ಲ. ಪಾದ್ರಿ ಇಲ್ಲದ ಕಾರಣ ನನಗೆ ಮದುವೆ ಇಲ್ಲ. ನಮ್ಮ ಪಾದ್ರಿಯ ಕೈಯಲ್ಲೇ ಮದುವೆಯಾಗುತ್ತೇನೆಂದು ತೀರಿಹೋದ ತಾಯಿಗೆ ನಾನು ಮಾತು ಕೊಟ್ಟಿದ್ದೇನೆ. ಹಿಲ್ಡಾ ಕೊಟ್ಟಿಲ್ಲ.

೨. ಶೆಡ್ಡಿನ ನೆಲ ಇಲ್ಲಿನ ಮೂಲನಿವಾಸಿಗಳಾದ ಕನಾಕ್ ಜನರ ಹಿರಿಯರಾದ ತೆಯಿನ್ ಅಜ್ಜನ ಕುಲದ್ದು. ಇಲ್ಲಿನ ಪದ್ಧತಿಯಂತೆ ಹೂವಿನ ಬಟ್ಟೆ, ಹೊಗೆಸೊಪ್ಪು, ಒಂದು ಗೆಡ್ಡೆಯನ್ನು ಅವರೆದುರು ನೆಲದ ಮೇಲಿಟ್ಟು ಜಾಗ ಕೇಳಿದೆವು. ಅಜ್ಜ ಅವನ್ನು ಎತ್ತಿಕೊಂಡರು. ಅಲ್ಲಿಗೆ ಒಪ್ಪಿಗೆ ಆಯಿತು.

೩. ತಾವು ಪುರಾವೆ ಕೇಳಿದಿರಿ. ಆದ್ದರಿಂದ ಬುದ್ಧಿಗೇಡಿಯಾದ ನಾನು ಹೋಗಿ, “ಅಜ್ಜಾ, ಆ ಬಟ್ಟೆ ಸ್ವಲ್ಪ ಕೊಡ್ತೀರಾ? ಬಿಷಪ್ಪರಿಗೆ ತೋರಿಸಿ ತಂದ್ಕೊಡ್ತೀನಿ” ಎಂದೆ.

ಅಜ್ಜಿ ಅದನ್ನು ಆಗಲೇ ಗೌನು ಹೊಲಿಸಿ ತೊಟ್ಟುಕೊಂಡಿದ್ದರು. ಒಳಗೆ ಹೋಗಿ, ಬೇರೆ ತೊಟ್ಟು ಬಂದು, ಇದನ್ನು ನನ್ನ ಕೈಗೆ ತುರುಕಿದರು.

“ಕೊಟ್ಟಿದ್ದನ್ನ ವಾಪಸ್ ಕೇಳ್ತಿದೀಯಲ್ಲ ಮಗಾ,” ಎಂದರು ಅಜ್ಜ, “ಒಪ್ಪಿಗೆನೂ ಜೊತೆಗೇ ತಗೊಂಡ್ಹೋಗು.”

“ವಾಪಸ್ ಅಲ್ಲಜ್ಜಾ, ಪುರಾವೆಗೆ.”

“ನಾನಿನ್ನೂ ಬದುಕಿದೀನಲ್ಲ. ನಾನು ಪುರಾವೆ ಅಲ್ವಾ?”

ಇದಕ್ಕೆ ಉತ್ತರವನ್ನು ನಿಯಮದಲ್ಲಿ ಹುಡುಕಿದೆ, ಇಲ್ಲ. ಅಜ್ಜಿ ಮಾತ್ರ ಬಾಗಿಲವರೆಗೆ ಬಂದು, “ನಿಮ್ಮ ಬಿಷಪ್ಪರು ಹಾಕ್ಕೊಳ್ಳೋದಾದ್ರೆ ಕಂಕುಳ ಹತ್ರ ಬಿಗಿ, ಹೇಳ್ಬಿಡು” ಎಂದರು. ತಮ್ಮ ಅವಗಾಹನೆಗೆ ತಂದಿದ್ದೇನೆ.

೪. ಒಪ್ಪಿಗೆ ಇದ್ದಾಗ ಪುರಾವೆ ಇರಲಿಲ್ಲ. ಈಗ ಪುರಾವೆ ಇದೆ, ಒಪ್ಪಿಗೆ ಇಲ್ಲ. ಶೆಡ್ಡಿಗೆ ಬೀಗ ಬಿದ್ದಿದೆ. ಅಜ್ಜನ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ. ನಾನೇ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆಂದರೆ, “ನೀನು ಹೇಳಿದ ಕೆಲಸ ಮಾಡಿದೋನು. ಬಟ್ಟೆ ಬೇಕು ಅಂದೋರು ಬರ್ಲಿ” ಎಂದು ಹೇಳಿಕಳಿಸಿದ್ದಾರೆ.

೫. ಹಿಲ್ಡಾ ಅವರ ನೋಟಿಸು ಇಂತಿದೆ: “ನಿನ್ನ ಬಿಷಪ್ಪರಿಗೆ ಕಾದು ಕಾದು ನನ್ನ ತಲೆ ನೆರೀತಿದೆ. ಬಸ್ಸು ಓಡಿಸೋ ಎಮಿಲ್ ನಿನಗಿಂತ ಮುಂಚೆ ಕೇಳಿದ್ದ. ಅವನು ಕ್ಯಾಥೊಲಿಕ್, ಅವರ ಪಾದ್ರಿ ಅವನ ಮನೆ ಹಿಂದ್ಗಡೇನೇ ಇದಾರೆ. ಗೆಡ್ಡೆ ಹಬ್ಬದ ಶನಿವಾರ ಮದುವೆ ಅಂತ ಅಡಿಗೆಯವರಿಗೆ ಹೇಳಿಬಿಟ್ಟಿದೀನಿ.”

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ತಾವು ದಯಮಾಡಿ ಪುರಾವೆಯನ್ನು ನೋಡಿ, ಮೊಹರು ಒತ್ತಿ (ಮಾನ್ಯತೆಯ ಕಾಗದಕ್ಕೆ, ಗೌನಿಗಲ್ಲ), ಮೊದಲ ವಿಮಾನಕ್ಕೆ ಬಂದು, ಅದನ್ನು ಅಜ್ಜನೆದುರು ನೆಲದ ಮೇಲಿಟ್ಟು, ತಲೆ ತಗ್ಗಿಸಿ ನಿಲ್ಲಬೇಕಾಗಿ ಪ್ರಾರ್ಥನೆ. ಮಾತು ಅಜ್ಜ ಆಡುತ್ತಾರೆ.

ತಮ್ಮ ವಿಶ್ವಾಸಿ
(ಅಜ್ಜನ ವಿಶ್ವಾಸ ಸದ್ಯಕ್ಕಿಲ್ಲ),
ವಾಲ್ಟರ್ ಬುಲೆ

ಲಗತ್ತುಗಳು:
೧. ಒಪ್ಪಿಗೆ, ಗೌನಿನ ರೂಪದಲ್ಲಿ. ಒಗೆದು ಇಸ್ತ್ರಿ ಮಾಡಿದೆ.
೨. ಹೊಗೆಸೊಪ್ಪನ್ನು ಅಜ್ಜ ಸೇದಿ, ಗೆಡ್ಡೆಯನ್ನು ಮೊಮ್ಮಕ್ಕಳು ತಿಂದು ಮುಗಿಸಿರುವ ಕಾರಣ ಲಗತ್ತಿಸಿಲ್ಲ. ಅಷ್ಟರ ಮಟ್ಟಿಗೆ ಒಪ್ಪಿಗೆ ಇನ್ನೂ ಊರ್ಜಿತವೆಂದು ನಂಬಿದ್ದೇನೆ.

ವಿ.ಸೂ.: ಶನಿವಾರದ ಮದುವೆ ನಡೆಯುವುದು ಖಚಿತ, ಅದಕ್ಕೆ ತಮ್ಮ ಅನುಮತಿ ಬೇಕಿಲ್ಲ. ವರ ಯಾರೆಂಬುದು ಮಾತ್ರ ತಮ್ಮ ಕಚೇರಿಯಲ್ಲಿ ಬಾಕಿ ಇದೆ. ಬೇಗ ಇತ್ಯರ್ಥಪಡಿಸಬೇಕಾಗಿ ಕೋರಿಕೆ.