ಹೆಸರು ಕೊರೆಯುವ ಸದ್ದು

ಮನೆಗೆ ಬಂದ ಸ್ಟೀಲ್ ಪಾತ್ರೆಗೆ ಹೆಸರು ಕೊರೆಸುವವರೆಗೆ ಅದು ನಮ್ಮದಾಗುವುದಿಲ್ಲ ಎಂದು ನಂಬಿದ ಜನ ನಾವು. ಪಾಯಸ ತುಂಬಿಕೊಂಡು ಪಕ್ಕದ ಮನೆಗೆ ಹೋದ ಪಾತ್ರೆ, ಮೈಮೇಲೆ ಹೆಸರಿದ್ದರೆ ತಾನಾಗಿ ಹಿಂದಿರುಗುತ್ತದೆ ಎನ್ನುವುದು ನನ್ನ ಹೆಂಡತಿಯ ಸಿದ್ಧಾಂತ. ಯಾರೋ ಸರೋಜಮ್ಮನವರ ಹೆಸರಿರುವ ತಟ್ಟೆಯಲ್ಲಿ ನಾನು ವರ್ಷಗಳಿಂದ ಉಣ್ಣುತ್ತಿದ್ದೇನೆ. ಆ ಮಾತನ್ನು ಮಾತ್ರ ಅವಳ ಮುಂದೆ ಎತ್ತುವುದಿಲ್ಲ.

ಮೊನ್ನೆ ಮೊಬೈಲಿನಲ್ಲಿ ತರಿಸಿದ ಅಕ್ಕಿ ಡಬ್ಬಿ ಬಂತು. ಹೊಳಪಿತ್ತು, ಹೆಸರಿರಲಿಲ್ಲ. "ನಂಜುಂಡಪ್ಪನವರ ಹತ್ರ ಕೊರೆಸ್ಕೊಂಡು ಬನ್ನಿ" ಎಂದಳು. ಒಂಟಿಕೊಪ್ಪಲಿನ ನಂಜುಂಡಪ್ಪನವರ ಪಾತ್ರೆ ಅಂಗಡಿಯಲ್ಲಿ ಕೊಂಡದ್ದಕ್ಕೆ ಹೆಸರು ಕೊರೆದು ಕೊಡುವುದು ಪುಕ್ಕಟೆ. ಬೇರೆ ಕಡೆ ಕೊಂಡದ್ದನ್ನು ಅಲ್ಲಿಗೆ ಒಯ್ಯುವುದೆಂದರೆ ಹೋಟೆಲಿನಲ್ಲಿ ಉಂಡು ನೆಂಟರ ಮನೆಯಲ್ಲಿ ಕೈ ತೊಳೆದ ಹಾಗೆ. ಆದರೂ ಹೋದೆ.

ಅಂಗಡಿಯ ಕಪಾಟುಗಳು ಅರ್ಧಕ್ಕರ್ಧ ಖಾಲಿಯಾಗಿದ್ದವು. "ಯಾರೋ ಕೊಟ್ಟ ಉಡುಗೊರೆ" ಎಂದು ಡಬ್ಬಿಯನ್ನು ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು.

"ಕೊಟ್ಟೋರು ಆನ್‌ಲೈನ್ ಚೀಟಿ ಕೀಳೋದ್ನ ಮರ್ತ್‌ಬುಟ್ಟವ್ರೆ ಕಣ್ರೀ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. "ಇರ್ಲಿ ಬುಡಿ. ಯುಗಾದಿ ಆದ್ಮೇಲೆ ಬಾಗ್ಲು ಹಾಕ್ಬುಡೋಣ ಅಂತಿದೀನಿ. ನಮ್ಮೋಳು ಒಪ್ತಿಲ್ಲ. ಇನ್ನೂ ಯಾಪಾರ ಕುದುರ್ತದೆ ಅಂತಾಳೆ."

ಕೊರೆಯುವ ಯಂತ್ರ ಹಚ್ಚಿದರು. ಗುಂಯ್ ಎಂಬ ಸದ್ದಿನೊಡನೆ ಹೆಂಡತಿಯ ಹೆಸರಿನ ಮೊದಲ ಅಕ್ಷರ ಮೂಡಿತು. ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಅವರ ಪತ್ನಿ ಗೌರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದರು. ಆ ಸದ್ದು ಕೇಳಿತೆಂದರೆ ಪಾತ್ರೆ ಮಾರಾಟವಾಯಿತೆಂದೇ ಆ ಮನೆಯಲ್ಲಿ ಅರ್ಥ.

"ಯಾಪಾರ ಆಯ್ತೇನ್ರೀ?"

ನಂಜುಂಡಪ್ಪ ತಲೆ ಎತ್ತಲಿಲ್ಲ. "ಊಂ. ಆಯ್ತು."

"ನಾನು ಹೇಳ್ನಿಲ್ವಾ. ಬಾಗ್ಲು ಹಾಕ್ತಾರಂತೆ, ಬಾಗ್ಲು." ಆಮೇಲೆ ಡಬ್ಬಿಯನ್ನು ದಿಟ್ಟಿಸಿ, "ಇಂಥದ್ದು ನಮ್ಮಲ್ಲಿತ್ತಾ?" ಎಂದರು.

"ಒಂದೇ ಇತ್ತು" ಎಂದು ನಂಜುಂಡಪ್ಪ ನನ್ನತ್ತ ನೋಡಿದರು. ನಾನು ಬೇರೇನೂ ತೋಚದೆ, "ಹೌದು, ಕೊನೇದು. ನನ್ನ ಅದೃಷ್ಟ" ಎಂದೆ.

"ಕೂತ್ಕಳಿ ಸ್ವಾಮಿ, ಕಾಫಿ ತತ್ತೀನಿ" ಎಂದು ಗೌರಮ್ಮ ಒಳಗೆ ಹೋದರು. ಯಂತ್ರದ ಸದ್ದು ಮತ್ತೆ ಶುರುವಾಯಿತು. ಹೆಸರು ಮುಗಿದ ಮೇಲೂ ಅವರು ಅದರ ಸುತ್ತ ಒಂದು ಬಳ್ಳಿ ಕೊರೆಯುತ್ತಲೇ ಇದ್ದರು.

ಕಾಫಿ ಬಂತು. ನನಗೆ ಸಕ್ಕರೆ ಕಾಯಿಲೆ. ಗೌರಮ್ಮ ಖುಷಿಯಲ್ಲಿ ಧಾರಾಳವಾಗಿಯೇ ಸಕ್ಕರೆ ಹಾಕಿದ್ದರು. ಬೇಡ ಎನ್ನುವ ಹಕ್ಕು ಗಿರಾಕಿಗೆ ಇರುತ್ತದೆ. ನಾನು ಗಿರಾಕಿಯಾಗಿರಲಿಲ್ಲವಾದ್ದರಿಂದ ತಳದವರೆಗೂ ಕುಡಿದೆ.