ಅಳತೆಗೆ ಸಾಲದ ಏಡಿಯವರ ಸನ್ನಿಧಿಗೆ

ಅಳಿವೆಯ ಹಳೆಯ ಸೇತುವೆಯ ಕಂಬದ ಬುಡದಲ್ಲಿ, ಕೆಸರನ್ನೇ ಹಾಸಿ ಹೊದ್ದು ಸುಖವಾಗಿ ನೆಲೆಸಿರುವ, ಬಲ ಇಕ್ಕಳ ದಪ್ಪಗೂ ಎಡ ಇಕ್ಕಳ ಸಣ್ಣಗೂ ಇರುವ ಏಡಿಯವರಿಗೆ, ನೀರಿನ ಮೇಲೆ ತೇಲುತ್ತಿರುವ ಬಡಪಾಯಿಯೊಬ್ಬನ ಶಿರಸಾಷ್ಟಾಂಗ ನಮಸ್ಕಾರಗಳು. ದೋಣಿಯಲ್ಲಿ ಸಾಷ್ಟಾಂಗ ಹಾಕಿದರೆ ಅದು ಮಗುಚುತ್ತದಾದ್ದರಿಂದ ಸದ್ಯಕ್ಕೆ ಕಾಗದದ ಮೇಲೆಯೇ ಸ್ವೀಕರಿಸಬೇಕು.

ಮಾನ್ಯರೇ,

ತಾವು ಕ್ಷೇಮವೇ ಎಂದು ವಿಚಾರಿಸುವ ಅಗತ್ಯ ನನಗಿಲ್ಲ. ಕಳೆದ ಭಾನುವಾರ ನನ್ನ ಬೋನಿನೊಳಗೆ ಕಾಲು ಚಾಚಿ ಕುಳಿತು, ನಾನು ಕಟ್ಟಿದ್ದ ಮೀನಿನ ತಲೆಯನ್ನು ಕಣ್ಣುಗುಳಿಯ ಸಮೇತ ಕೆರೆದು ತಿಂದು, ಮೇಲಕ್ಕೆ ಎಳೆದಾಗ ‘ಇಷ್ಟು ಬೇಗ ಯಾಕೆ ಬಂದೆ’ ಎಂಬಂತೆ ನನ್ನನ್ನೇ ದುರುಗುಟ್ಟಿ ನೋಡಿದ ತಮ್ಮ ಆರೋಗ್ಯವನ್ನು ಸಂಶಯಿಸಿದರೆ ನನ್ನ ನಾಲಿಗೆ ಬಿದ್ದುಹೋದೀತು. ನನ್ನ ಕ್ಷೇಮವನ್ನು ಮಾತ್ರ ತಾವು ಈವರೆಗೆ ಕೇಳಿಲ್ಲ. ಅದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದದ್ದರಿಂದ ಈ ದೂರನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಲಿಫ್ಟ್ ಮೆಕ್ಯಾನಿಕ್. ವಾರವಿಡೀ ಎತ್ತರದ ಕಟ್ಟಡಗಳ ಕತ್ತಲೆಯ ಗುಂಡಿಗಳಲ್ಲಿ ಮೇಲಕ್ಕೂ ಕೆಳಕ್ಕೂ ಹೋಗಿಬರುವ ನನಗೆ ರಜೆಯ ದಿನವಾದರೂ ನೇರವಾಗಿ ಮುಂದಕ್ಕೆ ಹೋಗಬೇಕೆಂಬ ಆಸೆ ಹುಟ್ಟಿದ್ದರಲ್ಲಿ ತಪ್ಪಿಲ್ಲವೆಂದು, ಅಡ್ಡಡ್ಡ ನಡೆಯುವ ತಾವೂ ಒಪ್ಪುತ್ತೀರಿ. ನನ್ನ ಹೆಂಡತಿ ಟೈಲರ್. ಮನೆಯ ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಅವಳ ಕತ್ತೂ ಹಿಡಿದುಕೊಂಡಿತ್ತು. ಇಬ್ಬರೂ ಬಹಳ ದಿನ ಮೀನಮೇಷ ಎಣಿಸಿ, ಒಬ್ಬರ ಹಿಂದೊಬ್ಬರು ಕೂತು ಹುಟ್ಟು ಹಾಕುವಂಥ ಉದ್ದನೆಯ ಪ್ಲಾಸ್ಟಿಕ್ ಕಯಾಕ್ ಒಂದನ್ನು ಕೊಂಡೆವು. ಮನೆಯಲ್ಲಿ ಅದು ಹಾಲ್‌ನಲ್ಲೇ ಮಲಗುತ್ತದೆ. ಮೂಗು ಊಟದ ಮೇಜಿನ ಕೆಳಗೆ, ಬಾಲ ಬಾತ್‌ರೂಮಿನ ಬಾಗಿಲಲ್ಲಿ. ಜೊತೆಗೆ ಏಡಿ ಹಿಡಿಯುವ ಬೋನೊಂದನ್ನು ಕೊಂಡದ್ದು, ನೀರಿನ ಮೇಲೆ ಸುಮ್ಮನೆ ಅಲೆದರೆ ನೋಡಿದವರು ಏನೆಂದುಕೊಂಡಾರು ಎಂಬ ಸಂಕೋಚಕ್ಕೆ. ದುಡಿದೇ ಬದುಕಿದವರಿಗೆ ಸುಮ್ಮನಿರುವುದಕ್ಕೂ ಒಂದು ಕೆಲಸ ಬೇಕು.

ಮೊದಲ ಭಾನುವಾರ ನಡೆದದ್ದನ್ನು ತಾವು ಮರೆತಿರಲಾರಿರಿ. ತಮ್ಮ ಕಂಬದ ಬುಡಕ್ಕೆ ಬೋನನ್ನು ಇಳಿಬಿಟ್ಟೆವು. ಹಗ್ಗದ ಮೇಲಿನ ತುದಿಗೆ ತೇಲಲೆಂದು ಖಾಲಿ ಕ್ಯಾನೊಂದನ್ನು ಕಟ್ಟಿ ಬಿಡಬೇಕಿತ್ತು. ಕ್ಯಾನು ಹುಡುಕುವವರೆಗೆ ಇರಲೆಂದು ನಾನು ಆ ತುದಿಯನ್ನು ದೋಣಿಯ ಬಾಲಕ್ಕೆ ಸುತ್ತಿದೆ. ಅಷ್ಟರಲ್ಲಿ ಮುಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಆಚೆ ದಡದ ಬಿಳಿ ಹಕ್ಕಿಗಳನ್ನು ಹತ್ತಿರದಿಂದ ನೋಡೋಣವೆಂದಳು. ಇಬ್ಬರೂ ಹುಟ್ಟು ಹಾಕಿದೆವು. ಎಷ್ಟು ಹಾಕಿದರೂ ಸೇತುವೆಯ ಕಂಬ ನಮ್ಮ ಪಕ್ಕದಲ್ಲೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೂತವನಿಗೆ ಮುಂದಿನವರ ತಪ್ಪುಗಳೆಲ್ಲ ಚೆನ್ನಾಗಿ ಕಾಣುತ್ತವೆ. “ಸುಮ್ನೆ ನೀರು ಸವರ್ತಿದೀಯ, ಸ್ವಲ್ಪ ಎಳಿ” ಎಂದು ನಾನು ಒಂದಲ್ಲ, ಹಲವು ಸಲ ತಿಳಿಹೇಳಿದೆ. ಅವಳು ಪಾಪ, ಕತ್ತು ನೋವಿನವಳು, ಹಲ್ಲು ಕಚ್ಚಿ ಎಳೆದಳು. ಕಡೆಗೆ ಸೇತುವೆಯ ಮೇಲೆ ಗಾಳ ಹಾಕಿಕೊಂಡು ಕೂತಿದ್ದವನೊಬ್ಬ ನಕ್ಕು ನಕ್ಕು ಸುಸ್ತಾಗಿ, “ಯಜಮಾನ್ರೇ, ಮೊದ್ಲು ಬಾಲ ಬಿಚ್ಚಿ” ಎಂದ.

ಅವಳು ತಿರುಗಿ ಹಗ್ಗವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹುಟ್ಟನ್ನು ಮಡಿಲ ಮೇಲೆ ಅಡ್ಡ ಇಟ್ಟು ಕೈಕಟ್ಟಿ ಕೂತಳು. ಹತ್ತಂತಸ್ತಿನ ಜನರನ್ನು ಹಗ್ಗದ ಮೇಲೆ ತೂಗಾಡಿಸುವ ಮನುಷ್ಯನಿಗೆ ತನ್ನ ಬಾಲದ ಹಗ್ಗ ಕಾಣಲಿಲ್ಲವೆಂದು ಆಮೇಲೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದಳು. ಬೋನು ಕಲ್ಲಿಗೆ ಸಿಕ್ಕಿಕೊಂಡಿತ್ತು ಎನ್ನುವುದು ಅವಳ ವಾದ. ತಾವು ಒಳಗೆ ಕೂತು ಆ ದಪ್ಪ ಇಕ್ಕಳದಿಂದ ಬೇಕೆಂದೇ ಕಲ್ಲನ್ನು ಹಿಡಿದುಕೊಂಡಿದ್ದಿರಿ ಎನ್ನುವುದು ನನ್ನದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳು ಗಾದೆ ಹೇಳುತ್ತಾಳೆ. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕೆಂದು ಆ ಗಾದೆ ಹೇಳುವುದಿಲ್ಲ.

ಅಂದಿನಿಂದ ಮುಂದಿನ ಸೀಟು ಖಾಲಿ. ಕಯಾಕಿನ ಮುಂದೆ ಭಾರವಿಲ್ಲದಿದ್ದರೆ ಅದರ ಮೂಗು ಮೇಲೆದ್ದು, ಗಾಳಿ ಬಂದ ಕಡೆಗೆಲ್ಲ ತಿರುಗುತ್ತದೆ. ಅದಕ್ಕಾಗಿ ದೊಡ್ಡ ಕ್ಯಾನಿನಲ್ಲಿ ನೀರು ತುಂಬಿಸಿ ಅವಳ ಸೀಟಿನಲ್ಲಿ ಕೂರಿಸಿ ಒಯ್ಯುತ್ತಿದ್ದೇನೆ. ಆ ಕ್ಯಾನು ಹಕ್ಕಿ ತೋರಿಸು ಎನ್ನುವುದಿಲ್ಲ, ಬಿಸಿಲು ಎನ್ನುವುದಿಲ್ಲ, ನನ್ನ ಹುಟ್ಟಿನಿಂದ ನೀರು ಸಿಡಿದರೆ ಬೈಯುವುದೂ ಇಲ್ಲ. ಇಂಥ ಸಹಪ್ರಯಾಣಿಕ ಸಿಗುವುದು ಪುಣ್ಯವೆಂದು ಮೊದಲ ವಾರ ಅಂದುಕೊಂಡೆ. ಎರಡನೆಯ ವಾರಕ್ಕೇ ಬೇಜಾರಾಯಿತು. ಮಾನ್ಯರೇ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನಗೆ ಏಡಿ ಬೇಕಾಗಿಲ್ಲ. ಅವಳು ಆ ಸೀಟಿಗೆ ಮರಳಿ ಬರಬೇಕು. ಬಾಯಿಬಿಟ್ಟು ಕರೆಯಲು ನನಗೆ ನಾಲಿಗೆ ಏಳದು. ಒಂದು ಒಳ್ಳೆಯ ಏಡಿಯನ್ನು ಹಿಡಿದು ಮನೆಗೊಯ್ದು ಮೇಜಿನ ಮೇಲಿಟ್ಟರೆ, ಈ ಮನುಷ್ಯ ಪೂರ್ತಿ ನಿಷ್ಪ್ರಯೋಜಕನಲ್ಲ ಎಂದು ತಿಳಿದು ಅವಳಾಗಿಯೇ ಬಂದಾಳು ಎಂಬ ಆಸೆ.

ಆ ಆಸೆಗೆ ತಾವು ಅಡ್ಡ ಕೂತಿದ್ದೀರಿ. ಪ್ರತಿ ಭಾನುವಾರ ಮೀನು ಮಾರುವಾಕೆಯ ಬಳಿ ಮೀನಿನ ತಲೆಗಳನ್ನು ಕೊಳ್ಳುತ್ತೇನೆ. ಆಕೆಯ ಮೊಣಕೈ ಪಕ್ಕದ ಟಬ್ಬಿನಲ್ಲಿ ಅಂಗೈಗಿಂತ ದೊಡ್ಡ ಏಡಿಗಳು ಗುಳುಗುಳು ಎನ್ನುತ್ತಿರುತ್ತವೆ. “ಏಡಿ ಇಲ್ಲೇ ಇದಾವಲ್ಲಣ್ಣ, ತಗೊಂಡ್ಹೋಗಬಾರ್ದಾ? ತಲೆ ಕೊಟ್ಟು ಏಡಿ ತರೋಕೆ ಅಷ್ಟು ದೂರ ಯಾಕೆ ಹೋಗ್ತೀಯ?” ಎಂದು ಆಕೆ ಕೇಳುತ್ತಾಳೆ. ನಾನು ತಲೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತೇನೆ. ಕಂಬದ ಬುಡದಲ್ಲಿ ಬೋನು ಇಳಿಸುತ್ತೇನೆ, ಒಂದು ಸುತ್ತು ಹಾಕಿ ಬರುತ್ತೇನೆ, ಎತ್ತುತ್ತೇನೆ, ಒಳಗೆ ತಾವೇ. ಅಳಿವೆಯಲ್ಲಿ ಬೇರೆ ಏಡಿಗಳೇ ಇಲ್ಲವೋ, ಅಥವಾ ಬಾಗಿಲಲ್ಲಿ ನಿಂತು ಅವನ್ನೆಲ್ಲ ತಾವೇ ಓಡಿಸುತ್ತೀರೋ, ದೇವರೇ ಬಲ್ಲ.

ಇನ್ನು ಅಳತೆಯ ವಿಚಾರ. ಮೀನುಗಾರಿಕೆ ಇಲಾಖೆಯವರು ಕೊಟ್ಟ ಪ್ಲಾಸ್ಟಿಕ್ ಅಳತೆಪಟ್ಟಿಯಲ್ಲಿ ಒಂದು ಕಚ್ಚು ಇದೆ. ಚಿಪ್ಪಿನ ಅತಿ ಅಗಲವಾದ ಜಾಗಕ್ಕೆ ಅದನ್ನು ಹಿಡಿಯಬೇಕು; ಚಿಪ್ಪು ಕಚ್ಚಿನೊಳಗೆ ಕೂತರೆ ಏಡಿ ಇನ್ನೂ ಚಿಕ್ಕದು, ನೀರಿಗೆ ಬಿಡಬೇಕು; ಕೂರದಿದ್ದರೆ ಮನೆಗೊಯ್ಯಬಹುದು. ತಾವು ಪ್ರತಿ ಸಲವೂ ಕೂರುತ್ತೀರಿ. ಅಷ್ಟಿಷ್ಟು ಸಡಿಲವಾಗಿ ಅಲ್ಲ, ನನ್ನ ಹೆಂಡತಿ ಹೊಲಿದ ಕಾಲರು ಕತ್ತಿಗೆ ಕೂರುವಂತೆ, ಕೂದಲೆಳೆಯ ಜಾಗ ಬಿಟ್ಟು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸಂಕಟವನ್ನು ಇಷ್ಟು ನಿಖರವಾಗಿ ಯಾರೂ ಯಾರಿಗೂ ಕೊಟ್ಟಿರಲಾರರು. ಬಿಡುವಾಗ ನನ್ನ ಕೈಗವಸನ್ನು ಒಮ್ಮೆ ಚಿವುಟಿಯೇ ಹೋಗುತ್ತೀರಿ. ಉಂಡ ಮನೆಗೆ ಎರಡು ಬಗೆಯಬಾರದೆಂಬ ಮಾತು ಕೆಸರಿನವರೆಗೆ ಇಳಿದಿಲ್ಲವೆಂದು ತೋರುತ್ತದೆ.

ಬರಿಗೈಯಲ್ಲಿ ಮನೆಗೆ ಬಂದಾಗ ನನ್ನ ಹೆಂಡತಿ ಮಿಷನ್ನಿನಿಂದ ತಲೆಯೆತ್ತದೆ, “ಇವತ್ತೂ ಅದೇ ಏಡಿನೇನ್ರೀ?” ಎನ್ನುತ್ತಾಳೆ. ಎಡ ಇಕ್ಕಳ ಸಣ್ಣದು, ಕೂದಲೆಳೆಯಷ್ಟೇ ಕಡಿಮೆ ಎಂದು ನಾನು ವರ್ಣಿಸಿದರೆ, ಅಂಥ ಏಡಿ ಇರುವುದು ನಿಮ್ಮ ತಲೆಯೊಳಗೆ ಎನ್ನುತ್ತಾಳೆ. ತಮ್ಮ ಇರವನ್ನೇ ಅಲ್ಲಗಳೆಯುವ ಈ ಮಾತಿಗೆ ತಾವು ಸಿಟ್ಟಾಗಬೇಕು. ಆದ್ದರಿಂದ ನನ್ನ ಬೇಡಿಕೆಗಳಿಷ್ಟೇ. ತಾವು ಆದಷ್ಟು ಬೇಗ ಕೂದಲೆಳೆಯಷ್ಟು ಬೆಳೆಯಬೇಕು. ಸಾಧ್ಯವಿಲ್ಲದಿದ್ದರೆ ತಮ್ಮ ದೊಡ್ಡಪ್ಪನನ್ನೋ ಸೋದರಮಾವನನ್ನೋ ಕಳಿಸಿಕೊಡಬೇಕು. ಅದೂ ಆಗದಿದ್ದರೆ, ಮೊದಲ ಭಾನುವಾರ ಕಲ್ಲನ್ನು ಹಿಡಿದುಕೊಂಡದ್ದು ತಾವೇ ಎಂದು ನನ್ನ ಹೆಂಡತಿಯ ಅಂಗಡಿಗೆ ಖುದ್ದಾಗಿ ಬಂದು ಹೇಳಿಹೋಗಬೇಕು. ಅಂಗಡಿ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮುಚ್ಚಿರುತ್ತದೆ.

ಇಷ್ಟು ಬರೆದು ಪತ್ರವನ್ನು ಉಪಕರಣದ ಪೆಟ್ಟಿಗೆಯಲ್ಲಿಟ್ಟಿದ್ದೆ, ಅಂಚೆಗೆ ಹಾಕುವ ಮೊದಲೇ ತಾವು ಕಾಣೆಯಾದಿರಿ. ಆ ಭಾನುವಾರ ಬೋನು ಖಾಲಿ, ಮೀನಿನ ತಲೆ ಹಾಗೆಯೇ ಇತ್ತು. ಮುಂದಿನ ವಾರವೂ ಅದೇ. ಅದರ ಮುಂದಿನ ವಾರ ಬಂದದ್ದು ಯಾರೋ ಎಳೆಯ ಏಡಿ, ಊಟದ ಶಿಸ್ತೇ ಇಲ್ಲದ್ದು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ತಮ್ಮನ್ನು ಬೇರೆ ಯಾರಾದರೂ ಹಿಡಿದರೋ ಎಂಬ ಯೋಚನೆ ಲಿಫ್ಟಿನ ಗುಂಡಿಯಲ್ಲೂ ಬಿಡಲಿಲ್ಲ. ಮೀನು ಮಾರುವಾಕೆಯನ್ನು ಕೇಳಿದೆ. “ಚಿಪ್ಪು ಬಿಡೋಕೆ ಹೋಗಿರುತ್ತೆ ಅಣ್ಣ. ಮೈ ಮೆತ್ತಗಿರೋವಾಗ ಅದು ಯಾರ ಎದುರಿಗೂ ಬರಲ್ಲ. ಹೊಸ ಚಿಪ್ಪು ಗಟ್ಟಿ ಆಗ್ಲಿ, ತಾನಾಗೇ ಬರುತ್ತೆ” ಎಂದಳು.

ಅಂಗಡಿಯಲ್ಲಿ ಇದನ್ನು ಹೇಳಿದಾಗ ನನ್ನ ಹೆಂಡತಿ ಮಿಷನ್ ನಿಲ್ಲಿಸಿ ಕೇಳಿಸಿಕೊಂಡಳು. ರಾತ್ರಿ ಊಟಕ್ಕೆ ಕೂತಾಗ ನಾನು ಅನ್ನವನ್ನು ತಟ್ಟೆಯಲ್ಲಿ ಸುಮ್ಮನೆ ಕಲಸುತ್ತಿದ್ದುದನ್ನೂ ನೋಡಿದಳು. “ಏಡಿ ಕಾಣ್ಲಿಲ್ಲ ಅಂತ ಯಾರಾದ್ರೂ ಊಟ ಬಿಡ್ತಾರೇನ್ರೀ? ಈ ಭಾನುವಾರ ನಾನೂ ಬರ್ತೀನಿ. ಅದೇನು ಏಡಿನೋ, ನೋಡೇಬಿಡ್ತೀನಿ” ಎಂದಳು. ಭಾನುವಾರ ಬೆಳಿಗ್ಗೆ ಕ್ಯಾನಿನ ನೀರನ್ನು ತಾನೇ ದಡದಲ್ಲಿ ಚೆಲ್ಲಿ, ದೋಣಿಯ ಬಾಲವನ್ನು ಒಮ್ಮೆ ಪರೀಕ್ಷಿಸಿ, ಮುಂದಿನ ಸೀಟಿನಲ್ಲಿ ಕೂತಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಹುಟ್ಟು ಹಾಕಿದೆ. ಬೋನು ಇಳಿಸಿ, ಬಿಳಿ ಹಕ್ಕಿಗಳ ದಡಕ್ಕೆ ಹೋಗಿ ಬಂದೆವು. ಆಮೇಲೆ ಅವಳೇ ಹಗ್ಗ ಎಳೆದಳು.

ತಾವಿದ್ದಿರಿ. ಹೊಸ ಚಿಪ್ಪು, ಅದೇ ಸಣ್ಣ ಎಡ ಇಕ್ಕಳ, ಅದೇ ದುರುಗುಟ್ಟುವ ನೋಟ. ಎಷ್ಟು ಬೆಳೆದಿದ್ದಿರೆಂದರೆ ಬೋನಿನ ಬಾಗಿಲಲ್ಲಿ ಹೇಗೆ ನುಗ್ಗಿದಿರೋ ಎಂದು ಆಶ್ಚರ್ಯವಾಯಿತು. “ಓಹೋ, ಇವರೇನಾ” ಎಂದು ಅವಳು ಕೈಗವಸು ಹಾಕಿಕೊಂಡು, ತಮ್ಮನ್ನು ಬೆನ್ನ ಕಡೆಯಿಂದ ಸರಿಯಾಗಿ ಹಿಡಿದು, ಪಟ್ಟಿ ಕೊಡಿ ಎಂದಳು. ಕೊಟ್ಟೆ. ಅಗಲವಾದ ಜಾಗಕ್ಕೆ ಹಿಡಿದಳು. ಕಚ್ಚು ಚಿಪ್ಪಿನ ಮೇಲೆಯೇ ನಿಂತಿತು, ಎರಡೂ ಕಡೆ ಅರ್ಧರ್ಧ ಬೆರಳು ಹೊರಗೆ ಉಳಿಯಿತು. ನಾನು ಹಿಂದಿನ ಸೀಟಿನಿಂದ ನೋಡಿದೆ. ಆಗಲೇ ಹೇಳಿದಂತೆ ಇಲ್ಲಿಂದ ಎಲ್ಲ ಚೆನ್ನಾಗಿ ಕಾಣುತ್ತದೆ. ಅವಳು ಸ್ವಲ್ಪ ಹೊತ್ತು ತಮ್ಮನ್ನೇ ನೋಡಿದಳು. ಆಮೇಲೆ ಪಟ್ಟಿಯನ್ನು ಮೆಲ್ಲಗೆ ತಮ್ಮ ಮುಖದ ಹತ್ತಿರದ ಕಿರಿದಾದ ಜಾಗಕ್ಕೆ ಸರಿಸಿ, ಓರೆ ಮಾಡಿ ಕೂರಿಸಿದಳು.

“ಸಾಲ್ದು ಕಣ್ರೀ. ಇನ್ನೊಂದ್ವಾರ ಬಿಟ್ಟು ನೋಡೋಣ” ಎಂದಳು.

ಈಕೆ ಒಂದು ನೂಲಿನಷ್ಟು ಹೆಚ್ಚುಕಡಿಮೆಯಾದರೂ ಇಡೀ ತೋಳನ್ನು ಬಿಚ್ಚಿ ಮತ್ತೆ ಹೊಲಿಯುವವಳು. ಸ್ವಂತ ಅಣ್ಣನ ಹೊಟ್ಟೆಯ ಸುತ್ತಳತೆಯನ್ನು ಅವನ ಎದುರಿಗೇ ಇದ್ದಷ್ಟು ಇದ್ದಂತೆ ಕೂಗಿ ಹೇಳಿದವಳು. ಅಂಥವಳು ತಮ್ಮನ್ನು ನೀರಿಗೆ ಇಳಿಸಿ, ಹುಟ್ಟು ಕೈಗೆತ್ತಿಕೊಂಡು, ನನ್ನ ಕಡೆ ತಿರುಗದೆಯೇ ಕೂತಳು. ಅವಳ ಕಿವಿ ಕೆಂಪಗಾಗಿತ್ತು. “ಹೌದು, ಸ್ವಲ್ಪ ಸಾಲ್ದು” ಎಂದು ನಾನೂ ಅಂದೆ. ನನಗೆ ಆದ ಸಂತೋಷವನ್ನು ತಮಗೆ ವಿವರಿಸಲಾರೆ, ಮಾನ್ಯರೇ. ತಮ್ಮಿಂದ ಅಗಲಿದ ಮೇಲೆ ದಡ ಮುಟ್ಟುವವರೆಗೂ ದೋಣಿ ನೆಟ್ಟಗೆ ಹೋಯಿತು.

ಆದಕಾರಣ ಮೇಲೆ ಸಲ್ಲಿಸಿದ ಬೇಡಿಕೆಗಳನ್ನೆಲ್ಲ ಹಿಂತೆಗೆದುಕೊಂಡು ಒಂದೇ ಒಂದನ್ನು ಮುಂದಿಡುತ್ತಿದ್ದೇನೆ. ತಾವು ದಯಮಾಡಿ ಇನ್ನು ಬೆಳೆಯಬಾರದು. ಪಟ್ಟಿಯನ್ನು ಎಷ್ಟು ಓರೆ ಮಾಡಿದರೂ ಅದಕ್ಕೊಂದು ಮಿತಿಯಿದೆ, ಮತ್ತು ಆಕೆಯ ವೃತ್ತಿಗೌರವವನ್ನು ವಾರವಾರವೂ ಪರೀಕ್ಷೆಗೆ ಒಡ್ಡುವುದು ನಮ್ಮಿಬ್ಬರಿಗೂ ಶೋಭೆಯಲ್ಲ. ಊಟಕ್ಕೆ ಸಂಕೋಚ ಬೇಡ. ಬೆಳೆಯದಂತೆ ಉಣ್ಣುವ ಉಪಾಯವನ್ನು ಮಾತ್ರ ತಾವೇ ಹುಡುಕಿಕೊಳ್ಳಬೇಕು.

ಭಾನುವಾರದ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಹಿಂದಿನ ಸೀಟಿನವನು

ತಾ.ಕ.: ಅಳಿವೆಯಲ್ಲಿ ಈಚೆಗೆ ಬೇರೆಯವರ ಬೋನುಗಳೂ ಇಳಿಯುತ್ತಿವೆ, ಅವುಗಳಲ್ಲಿ ನಮ್ಮದಕ್ಕಿಂತ ತಾಜಾ ಮೀನಿರುತ್ತದಂತೆ. ಆಸೆಬುರುಕರಾದ ತಾವು ಅತ್ತ ಕಾಲು ಹಾಕುವ ಮೊದಲು ಒಂದು ಮಾತು ನೆನಪಿಡಬೇಕು: ಅವರೆಲ್ಲ ಬಹಳ ಪ್ರಾಮಾಣಿಕರು, ಪಟ್ಟಿಯನ್ನು ನೆಟ್ಟಗೇ ಹಿಡಿಯುತ್ತಾರೆ.